ಎರಡಕ್ಕೇ ತುಂಬಿದ ಡಬ್ಬ

ನನ್ನ ಓರಗಿತ್ತಿಯರಲ್ಲಿ ಒಬ್ಬಳು ಬಹರೈನ್ ನೋಡಿದ್ದಾಳೆ, ಇನ್ನೊಬ್ಬಳು ಸಿಂಗಪುರ. ಮನೆಯಲ್ಲಿ ನಾಲ್ಕು ಜನ ಸೇರಿದಾಗಲೆಲ್ಲ ಅವರ ವಿಮಾನದ ಮಾತು ಮುಗಿಯುವವರೆಗೆ ನಾನು ಕಾಫಿ ಲೋಟ ತೊಳೆಯುತ್ತ ಒಳಗೇ ಇರುತ್ತಿದ್ದೆ. ಈಗ ನನಗೂ ಹೇಳಿಕೊಳ್ಳಲು ಒಂದು ಪರದೇಶವಿದೆ. ಮಂಗಳೂರಿನಲ್ಲಿ ಬಸ್ಸು ಹತ್ತಿ, ಘಟ್ಟ ಏರಿ, ಮತ್ತೆರಡು ಬಸ್ಸು ಬದಲಿಸಿದರೆ ಸಿಗುವ ಪರದೇಶ. ಭಾಷೆ ಕನ್ನಡವೇ. ಆದರೂ ಮೊದಲ ದಿನ ಅರ್ಧ ಮಾತು ನನಗೆ ತಿಳಿಯಲಿಲ್ಲ, ನನ್ನ ಪುಸ್ತಕದಂಥ ಮಾತು ಕೇಳಿ ಅಲ್ಲಿನ ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಏಪ್ರಿಲ್. ನಮ್ಮವರು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಗಣಿತ ಕಲಿಸುವವರು. ಗಣಿತವನ್ನು ಬಾಯಲ್ಲಿ ಹೇಳಿಕೊಟ್ಟರೆ ಸಾಲದು, ಕಣ್ಣೆದುರು ಮಾಡಿ ತೋರಿಸಬೇಕು ಎಂಬುದು ಅವರ ಹಟ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಈ ನಾಲ್ಕು ಕಡೆ ಶಾಲಾ ಶಿಕ್ಷಕರಿಗೆ ಅದನ್ನು ತೋರಿಸಿ ಬನ್ನಿ ಎಂದು ಅವರನ್ನು ಕಳಿಸಿದರು. ಮಕ್ಕಳು ಅಜ್ಜಿಮನೆಯಲ್ಲಿದ್ದರು. ಪಾಠದ ಗುಂಗಿನಲ್ಲಿ ಊಟ ಮರೆಯುವ ಮನುಷ್ಯನನ್ನು ಒಬ್ಬರೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ. ಅವರ ಸಾಮಾನು ಒಂದು ತಗಡಿನ ಪೆಟ್ಟಿಗೆ, ನನ್ನದು ಒಂದು ಹಾಸಿಗೆ ಸುರುಳಿ. ಆ ಸುರುಳಿ ಮಾಡಿದ ಅನಾಹುತ ಆಮೇಲೆ ಹೇಳುತ್ತೇನೆ.

ಕೊರಟಗೆರೆ

ಇಲ್ಲಿ ನನಗೆ ಎರಡು ಆಘಾತ ಒಂದೇ ದಿನ ಆದವು. ಮೊದಲನೆಯದು ಮುದ್ದೆ. ತಟ್ಟೆಯಲ್ಲಿ ಕೂತಿದ್ದ ಆ ಕಪ್ಪು ಉಂಡೆಯನ್ನು ನಾನು ಶ್ರದ್ಧೆಯಿಂದ ಅಗಿದೆ. ಬಡಿಸುತ್ತಿದ್ದ ಹೆಂಗಸು ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು. "ಅಗೀಬ್ಯಾಡಿ ಕಣಮ್ಮ, ನುಂಗಿ" ಎಂದಳು, ಮಗುವಿಗೆ ಹೇಳುವ ಹಾಗೆ. ಕಾನ್ವೆಂಟಿನಲ್ಲಿ ಒಂದು ತುತ್ತು ಮೂವತ್ತೆರಡು ಸಲ ಅಗಿಯಬೇಕೆಂದು ಕಲಿತ ಬಾಯಿ ನನ್ನದು.

ಎರಡನೆಯದು ಪಾಠದ್ದು. ಶಾಲೆಯ ಜಗಲಿಯಲ್ಲಿ ನಲವತ್ತು ಜನ ಮೇಷ್ಟ್ರುಗಳು ಕೂತಿದ್ದರು, ನಾನು ಹಿಂದೆ ಕಂಬಕ್ಕೆ ಒರಗಿದ್ದೆ. ಇವರು ಪೆಟ್ಟಿಗೆಯಿಂದ ಎರಡು ತಗಡಿನ ಪಾತ್ರೆ ತೆಗೆದರು. ಒಂದು ನೇರ ಗೋಡೆಯ ಡಬ್ಬ. ಇನ್ನೊಂದು ಎಣ್ಣೆ ಸುರಿಯುವ ಆಲಿಕೆಯಂಥದು, ಆದರೆ ತುದಿ ಮುಚ್ಚಿದ್ದು. ಪುಸ್ತಕದಲ್ಲಿ ಶಂಕು ಅನ್ನುತ್ತಾರಲ್ಲ, ಅದು. ಎರಡರ ಬಾಯಿ ಒಂದೇ ಅಗಲ, ಎರಡೂ ಒಂದೇ ಎತ್ತರ. ಶಂಕುವಿನಲ್ಲಿ ರಾಗಿ ತುಂಬಿ ಡಬ್ಬಕ್ಕೆ ಸುರಿದರು. ಒಂದು, ಎರಡು, ಮೂರು. ಮೂರನೆಯದಕ್ಕೆ ಡಬ್ಬ ಕಂಠಮಟ್ಟ ತುಂಬಿತು, ಒಂದು ಕಾಳು ಹೆಚ್ಚಿಲ್ಲ, ಕಡಿಮೆಯಿಲ್ಲ.

ನಾನು ದಂಗಾಗಿ ಹೋದೆ. ಶಾಲೆಯಲ್ಲಿ ಸಿಸ್ಟರ್ ನಮಗೆ ಇದನ್ನು ಪ್ರಾರ್ಥನೆಯ ಹಾಗೆ ಹೇಳಿಸುತ್ತಿದ್ದರು: ಒನ್ ಥರ್ಡ್ ಪೈ ಆರ್ ಸ್ಕ್ವೇರ್ ಎಚ್. ಇವತ್ತಿಗೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೆ ಹೇಳುತ್ತೇನೆ. ಆದರೆ ಆ 'ಮೂರನೇ ಒಂದು' ಎಂದರೆ ಮೂರು ಸಲ ಸುರಿಯುವುದು ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಗಣಿತದವರ ಹೆಂಡತಿಯಾಗಿ ಹದಿನೇಳು ವರ್ಷ ಅವರಿಗೆ ಅನ್ನ ಬಡಿಸಿದ್ದೇನೆ. ಅವರು ಹೊರಗೆ ಹೋಗಿ ಮಾಡುತ್ತಿದ್ದದ್ದು ಇದು ಎಂದು ನನಗೆ ಗೊತ್ತಾದದ್ದು ಕೊರಟಗೆರೆಯ ಜಗಲಿಯಲ್ಲಿ.

ಕೊನೆಗೆ ಇವರು ಮೇಷ್ಟ್ರುಗಳಿಗೆ ಒಂದು ಕಿವಿಮಾತು ಹೇಳಿದರು. ನೀವೇ ಸುರಿದರೆ ಮಕ್ಕಳು ಕೈಚಳಕ ಅಂದುಕೊಳ್ಳುತ್ತಾರೆ. ಯಾರು ನಂಬುವುದಿಲ್ಲವೋ ಅವರ ಕೈಲೇ ಸುರಿಸಿ.

ಮಧುಗಿರಿ

ನಮ್ಮ ಕಡೆ ಬೆಟ್ಟ ಎಂದರೆ ಹಸಿರು. ಇಲ್ಲಿ ಬೆಟ್ಟ ಎಂದರೆ ಕಲ್ಲು, ಅದೂ ಒಂದೇ ಕಲ್ಲು. ಬಸ್ಸು ಇಳಿದು ತಲೆ ಎತ್ತಿದವಳು ಹಾಗೇ ನಿಂತೆ. ಊರಿನ ಜನ ಅದರ ಬುಡದಲ್ಲಿ ಬಟ್ಟೆ ಒಣಹಾಕಿಕೊಂಡು, ಟೊಮೆಟೊ ಮಾರಿಕೊಂಡು, ಅದು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ಓಡಾಡುತ್ತಿದ್ದರು.

ಇಲ್ಲಿಂದ ಮುಂದಕ್ಕೆ ನಮಗೆ ಜೀಪು, ಜೊತೆಗೆ ಒಬ್ಬ ಶಾಲಾ ಇನ್ಸ್‌ಪೆಕ್ಟರು. ತೆಳ್ಳಗಿನ ಮನುಷ್ಯ, ಬಿಳಿ ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ನಮ್ಮವರ ಪಾಠ ಪೂರ್ತಿ ನೋಡಿ ಅವರು ಹೇಳಿದ್ದು ಇಷ್ಟೇ: ಬೊಂಬೆಯಾಟ ಚೆನ್ನಾಗಿದೆ, ಆದರೆ ಮಕ್ಕಳು ಪರೀಕ್ಷೆಗೆ ಡಬ್ಬ ತಗೊಂಡು ಹೋಗೋದಿಲ್ಲವಲ್ಲ ಸಾರ್. ಮಾತಿನಲ್ಲಿ ಕೊಂಕು ಇರಲಿಲ್ಲ. ನಿಜವಾಗಿ ಹಾಗೇ ಅನ್ನಿಸಿತ್ತು ಅವರಿಗೆ.

ಶಿರಾಕ್ಕೆ ಹೊರಟಾಗ ಜೀಪಿನ ಹಿಂಬದಿಯಲ್ಲಿ ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ನಾನು ಸಹಾಯ ಮಾಡುವ ಉತ್ಸಾಹದಲ್ಲಿ ಹಾಸಿಗೆ ಸುರುಳಿಯನ್ನು ಅದರ ಮೇಲಿಟ್ಟು, ಜಾರದಿರಲಿ ಎಂದು ನಾನೂ ಅದರ ಮೇಲೇ ಕೂತೆ. ರಸ್ತೆಯಲ್ಲಿ ಒಂದು ದೊಡ್ಡ ಹಳ್ಳ. ಕೆಳಗಿನಿಂದ ಹಪ್ಪಳ ಮುರಿದಂಥ ಸದ್ದು.

ಶಿರಾದಲ್ಲಿ ಪೆಟ್ಟಿಗೆ ತೆರೆದರೆ ಶಂಕು ಅಪ್ಪಚ್ಚಿ, ಡಬ್ಬದ ಬಾಯಿ ಅವರೆಕಾಯಿಯ ಹಾಗೆ ಉದ್ದಕ್ಕೆ. ಇವರು ಎರಡನ್ನೂ ಎತ್ತಿ ಮೆಲ್ಲಗೆ ಮತ್ತೆ ಪೆಟ್ಟಿಗೆಯಲ್ಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಶಿರಾ

ಅಲ್ಲೇ ನನಗೆ ಪುಟ್ಟಲಕ್ಷ್ಮಿ ಸಿಕ್ಕಳು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿ, ಎಣ್ಣೆ ಹಚ್ಚಿ ಬಿಗಿದ ಜಡೆ. ಊರು ಹುಲಿಕುಂಟೆಯ ಕಡೆ, ಅಪ್ಪ ಕುರಿ ಮೇಯಿಸುವವರು. ಪಾವಗಡದ ಆಚೆಯ ಒಂದು ಹಳ್ಳಿಯಲ್ಲಿ ಟೀಚರ್, ನಮ್ಮವರ ಪಾಠ ನೋಡಲೆಂದು ಶಿರಾಕ್ಕೆ ಬಂದಿದ್ದಳು. ಕೆಲಸ ತಾತ್ಕಾಲಿಕ, ವರ್ಷ ಮುಗಿಯುವುದಕ್ಕೆ ಇನ್ನು ಕೆಲವೇ ದಿನ. ನಮ್ಮ ಪ್ರವಾಸದ ಕೊನೆಯ ದಿನ ಅವಳು ತನ್ನ ಶಾಲೆಯಲ್ಲೇ ಮಾಡಿ ತೋರಿಸುವ ಪಾಠ ಒಂದನ್ನು ಮಾಡಬೇಕು, ಇನ್ಸ್‌ಪೆಕ್ಟರು ನೋಡಬೇಕು. ಅವರು ಒಪ್ಪಿದರೆ ಜೂನ್‌ನಿಂದ ಕೆಲಸ ಮುಂದುವರಿಯುತ್ತದೆ. ಇಲ್ಲದಿದ್ದರೆ ಶಾಲೆಯ ಬೀಗದ ಕೈ ಅಲ್ಲೇ ಅವರ ಕೈಗೆ ಕೊಟ್ಟು ಮನೆಗೆ.

ಆ ಬೀಗದ ಕೈ ಅವಳ ಸೆರಗಿನ ತುದಿಯ ಗಂಟಿನಲ್ಲಿತ್ತು. ಮಾತಾಡುವಾಗ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಕೆಲಸ ಹೋದರೆ ಏನು ಮಾಡುತ್ತೀಯ ಎಂದು ಕೇಳಿದೆ. "ಮದ್ವೆ ಮಾಡ್ತಾರೆ ಅಕ್ಕ, ಇನ್ನೇನ್ ಮಾಡ್ತಾರೆ" ಎಂದಳು, ನಾಳೆ ಬಿಸಿಲು ಎನ್ನುವಷ್ಟು ಸಹಜವಾಗಿ. ಅವಳ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಬಂದ ಹೆಣ್ಣುಮಕ್ಕಳು ಒಂಬತ್ತು ಜನ. ಟೀಚರ್ ಹೆಂಗಸು ಅಂತ ಕಳಿಸುತ್ತಾರೆ, ಮೇಷ್ಟ್ರು ಬಂದರೆ ಬಿಡಿಸುತ್ತಾರೆ ಎಂದಳು.

ಅವಳು ಪಾಠಕ್ಕೆ ಆರಿಸಿಕೊಂಡಿದ್ದು ಶಂಕುವನ್ನೇ. ನಾನು ಕೂತು ಅಪ್ಪಚ್ಚಿ ಮಾಡಿದ್ದನ್ನು.

ನನಗೆ ಅನ್ನ ಸೇರಲಿಲ್ಲ. ಕೊನೆಗೆ ಪುಟ್ಟಲಕ್ಷ್ಮಿಯನ್ನೇ ಕರೆದುಕೊಂಡು ಪೇಟೆಯ ಹಿಂದಿನ ಓಣಿಯಲ್ಲಿ ತಗಡಿನ ಕೆಲಸದ ಚಾಚಾ ಒಬ್ಬರನ್ನು ಹುಡುಕಿದೆ. ಚಾಚಾ ಮುರಿದ ಎರಡನ್ನೂ ತಿರುಗಿಸಿ ನೋಡಿದರು. ಇಷ್ಟು ಉದ್ದಕ್ಕೆ ತಗಡಿಲ್ಲ ಅಮ್ಮಾಜಿ, ಗಿಡ್ಡ ಮಾಡ್ತೀನಿ, ಬಾಯಿ ಅಗಲ ಮಾಡ್ತೀನಿ, ಎರಡಕ್ಕೂ ಒಂದೇ ಅಳತೆ ತಾನೆ, ಫಿಕರ್ ಬೇಡ ಎಂದರು. ನನಗೆ ಫಿಕರ್ ಇದ್ದೇ ಇತ್ತು. ಬೆಸುಗೆ ಆರಿದ ಮೇಲೆ ನೀರು ತರಿಸಿ ಅವರೆದುರೇ ಪರೀಕ್ಷೆ ಮಾಡಿದೆ. ಒಂದು, ಎರಡು, ಮೂರು. ಮೂರಕ್ಕೆ ಡಬ್ಬ ತುಂಬಿ ಅಂಚಿನಲ್ಲಿ ನೀರು ನಡುಗುತ್ತ ನಿಂತಿತು. ಅಂಗಡಿಯ ಕೆಲಸ ಬಿಟ್ಟು ಚಾಚಾ ಇನ್ನೊಂದು ಸಲ ತಾವೇ ಮಾಡಿ ನೋಡಿದರು. "ಇಷ್ಟ್ ವರ್ಷ ತಗಡು ಕತ್ತರಿಸ್ತಾ ಇದ್ದೀನಿ, ಇದು ಯಾರೂ ಹೇಳ್ಲೇ ಇಲ್ಲ" ಎಂದರು. ನನಗೂ ಅಷ್ಟೇ ಚಾಚಾ, ಎಂದೆ.

ಪಾವಗಡದ ದಾರಿ

ಪಾವಗಡಕ್ಕೆ ಹೋಗುವವರು ನಡುವೆ ಆಂಧ್ರವನ್ನು ಹಾದು ಮತ್ತೆ ನಮ್ಮ ರಾಜ್ಯಕ್ಕೆ ಬರಬೇಕು. ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಅಂಗಡಿಗಳ ಬೋರ್ಡು ಇದ್ದಕ್ಕಿದ್ದಂತೆ ತೆಲುಗಿಗೆ ತಿರುಗಿದಾಗ ದಾರಿ ತಪ್ಪಿತೆಂದು ನಮ್ಮವರ ತೋಳು ಹಿಡಿದೆ. ಸ್ವಲ್ಪ ಹೊತ್ತಿಗೆ ಕನ್ನಡ ಬಂತು. ಡ್ರೈವರು ನಕ್ಕು, ಫಾರಿನ್‌ಗೆ ಹೋಗಿ ಬಂದಂಗಾಯ್ತು ಬುಡಿ ಅಮ್ಮಾವ್ರೇ, ಎಂದ. ಆ ಮಾತನ್ನೇ ನಾನು ಓರಗಿತ್ತಿಯರಿಗಾಗಿ ಜೋಪಾನ ಮಾಡಿಟ್ಟುಕೊಂಡೆ.

ಆಕಾಶ ಅಷ್ಟು ದೊಡ್ಡದಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ತೆಂಗಿನ ಗರಿಗಳು ಅದನ್ನು ತುಂಡು ತುಂಡು ಮಾಡಿ ಕೊಡುತ್ತವೆ. ಇಲ್ಲಿ ಇಡಿಯಾಗಿ ಸಿಕ್ಕಿತು, ಮರೆಯಾಗಲು ಒಂದು ನೆರಳಿಲ್ಲ. ದಾರಿಯುದ್ದಕ್ಕೂ ಪುಟ್ಟಲಕ್ಷ್ಮಿ ಹೊಸ ಶಂಕುವನ್ನು ಕೈಕೂಸಿನ ಹಾಗೆ ಮಡಿಲಲ್ಲಿ ಹಿಡಿದು ಕೂತಿದ್ದಳು. ಯಾರೂ ಅದರ ಮೇಲೆ ಕೂರದ ಹಾಗೆ.

ಕೊನೆಯ ದಿನದ ಶಾಲೆ

ಒಂದೇ ಕೋಣೆಯ ಶಾಲೆ, ಮುಂದೆ ಬೇವಿನ ಮರ. ಪಾಠ ಮರದ ಕೆಳಗೆ. ಮಕ್ಕಳು ಸಾಲಾಗಿ ಕೂತಿದ್ದರು, ಆಚೆ ಅವರ ತಾಯಂದಿರು. ಇನ್ಸ್‌ಪೆಕ್ಟರು ಮೇಜಿನ ಮೇಲೆ ಪುಸ್ತಕ ತೆರೆದಿಟ್ಟು ಎರಡೂ ಪೆನ್ನು ಹೊರಗೆ ತೆಗೆದರು. ಬಾವಿಯ ನೀರು ತಳ ಕಂಡಿದ್ದ ಕಾಲ. ಪಾಠಕ್ಕೆ ನೀರು ಕೇಳುವ ಮುಖ ಯಾರಿಗಿತ್ತು. ಮನೆಯೊಂದರಿಂದ ಒಂದು ಮೊರ ರಾಗಿ ತಂದಿಟ್ಟಿದ್ದರು.

ಪುಟ್ಟಲಕ್ಷ್ಮಿ ಚೆನ್ನಾಗಿಯೇ ಶುರು ಮಾಡಿದಳು. ಎರಡೂ ಪಾತ್ರೆಯ ಬಾಯಿ ಒಂದರ ಮೇಲೊಂದಿಟ್ಟು ತೋರಿಸಿದಳು, ಎತ್ತರ ಪಕ್ಕಪಕ್ಕ ಇಟ್ಟು ತೋರಿಸಿದಳು. ಈ ಚೂಪುಗಿರೋದರಲ್ಲಿ ಎಷ್ಟು ಸಲ ಹಾಕಿದ್ರೆ ಇದು ತುಂಬುತ್ತೆ ಎಂದು ಮಕ್ಕಳನ್ನು ಕೇಳಿದಳು. ಹೆಚ್ಚಿನವರು ಎರಡು ಎಂದರು. ಮೂರು ಬೇಕು, ನೋಡೋಣ ಎಂದು ನಗುತ್ತ, ನಮ್ಮವರು ಕಲಿಸಿದ ಹಾಗೆ, ನಂಬದವರ ಕೈಗೆ ಶಂಕು ಕೊಟ್ಟಳು.

ನಂಬದವರು ಎಂದರೆ ತಾಯಂದಿರ ನಡುವೆ ಕೂತಿದ್ದ ಓಬಜ್ಜಿ. ಸುಗ್ಗಿಯಲ್ಲಿ ಇಡೀ ಊರಿನ ಕಣದಲ್ಲಿ ಕಾಳು ಅಳೆಯುವ ಕೈ ಅವರದು, ಅವರು ಅಳೆದರೆ ರಾಶಿ ಕರಗುವುದಿಲ್ಲ ಅಂತ ಊರಿನ ನಂಬಿಕೆ. ಅಜ್ಜಿ ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತರು. ರಾಗಿಗೆ ಕೈ ಮುಗಿದು, ಶಂಕುವನ್ನು ಮೊರದೊಳಗೆ ಇಳಿಸಿ, ಎಡಗೈಯಿಂದ ಬಾಚಿ ಎತ್ತಿದರು. "ಲಾಭ" ಎಂದು ಸುರಿದರು. ಅಳೆಯುವಾಗ ಅವರು ಒಂದು ಅನ್ನುವುದಿಲ್ಲ, ಲಾಭ ಎಂದೇ ಶುರು. ಕೇಳಿ ನನಗೆ ಖುಷಿಯಾಯಿತು. ಮತ್ತೆ ಬಾಚಿ, "ಎರಡು" ಎಂದು ಸುರಿದರು.

ಡಬ್ಬ ತುಂಬಿತು.

ಎರಡಕ್ಕೇ ತುಂಬಿತು. ಅಂಚಿನವರೆಗೆ, ಇನ್ನೊಂದು ಹಿಡಿ ಹಿಡಿಯದ ಹಾಗೆ. ಮಕ್ಕಳು ಗೆದ್ದೆವೆಂದು ಕೈ ತಟ್ಟಿದರು. ನಮ್ಮವರ ಮುಖ ನೋಡಿದೆ, ಅವರು ಬಾಯಿ ತೆರೆದು ಡಬ್ಬವನ್ನೇ ನೋಡುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ. ತಪ್ಪು ನನ್ನದೇ ಎನ್ನಿಸಿತು. ನಾನು ಕೂತು ಮುರಿದೆ, ನಾನು ಗಿಡ್ಡದ್ದು ಮಾಡಿಸಿದೆ, ಈ ಹುಡುಗಿಯ ಸೆರಗಿನ ಗಂಟು ಬಿಚ್ಚುವುದಕ್ಕೆ ನಾನೇ ಕಾರಣವಾದೆ.

ಪುಟ್ಟಲಕ್ಷ್ಮಿ ಮರಕ್ಕೆ ಒರಗಿಸಿದ್ದ ಬೋರ್ಡಿನ ಹತ್ತಿರ ಹೋಗಿ ದೊಡ್ಡದಾಗಿ ೨ ಎಂದು ಬರೆದಳು.

ನಾನು ನಿಜವಾಗಿ ಬೆಚ್ಚಿದ್ದು ಆಗ. ಅವಳ ಜಾಗದಲ್ಲಿ ನಾನಿದ್ದರೆ ಮೂರು ಅಂತ ಬರೆಯುತ್ತಿದ್ದೆ. ಮೂರು ಅಂತ ಬರೆದೇ ನನಗೆ ಫಸ್ಟ್ ಕ್ಲಾಸ್ ಬಂದಿತ್ತು.

ಇನ್ಸ್‌ಪೆಕ್ಟರು ಕೆಂಪು ಪೆನ್ನು ಕೈಗೆತ್ತಿಕೊಂಡರು. "ಪುಸ್ತಕದಲ್ಲಿ ಮೂರು ಅಂತ ಇದೆ. ಮೂರು ಅಂತ ಬರೀರಿ ಮೇಡಂ, ಮುಂದಕ್ಕೆ ಹೋಗೋಣ."

"ಬರೀಬೋದು ಸಾ," ಎಂದಳು ಪುಟ್ಟಲಕ್ಷ್ಮಿ. "ಆದ್ರೆ ಮಕ್ಳು ನೋಡ್ಬುಟ್ಟವ್ರಲ್ಲ."

ನಾನು ಚಾಚಾನ ಅಂಗಡಿಯನ್ನು ನೆನೆಸಿಕೊಂಡೆ. ನೀರಿನಲ್ಲಿ ಮೂರೇ ಬಂದಿತ್ತು, ಎರಡು ಸಲ. ತಗಡು ಸುಳ್ಳು ಹೇಳಿಲ್ಲ. ಹಾಗಾದರೆ ರಾಗಿಯಲ್ಲಿ ಏನಾಯಿತು. ಅಜ್ಜಿ ಅಷ್ಟರಲ್ಲಿ ಸುಮ್ಮನೆ ಕೂರಲಾರದೆ ಇನ್ನೊಂದು ಸಲ ಶಂಕು ತುಂಬಿ ಎತ್ತಿ ಹಿಡಿದಿದ್ದರು. ಬಾಯಿಯ ಮೇಲೆ ರಾಗಿ ಗೋಪುರದ ಹಾಗೆ ನಿಂತಿತ್ತು. ನೀರು ಹಾಗೆ ನಿಲ್ಲುವುದಿಲ್ಲ.

ಕಾನ್ವೆಂಟಿನಲ್ಲಿ ನಮಗೆ ಕೇಕ್ ಮಾಡುವುದನ್ನು ಕಲಿಸುತ್ತಿದ್ದ ಸಿಸ್ಟರ್, ಬೇಕಿಂಗ್ ಪೌಡರಿನ ಚಮಚದ ಮೇಲೆ ಚಾಕುವಿನ ಬೆನ್ನು ಎಳೆದು ಸಮ ಮಾಡದಿದ್ದರೆ ಬೆರಳ ಗಿಣ್ಣಿಗೆ ಅದೇ ಚಾಕುವಿನಿಂದ ತಟ್ಟುತ್ತಿದ್ದರು. ನನಗೆ ಗಣಿತ ಬರುವುದಿಲ್ಲ. ಆದರೆ ಆ ಗಿಣ್ಣು ಇನ್ನೂ ಮರೆತಿಲ್ಲ. ಮೇಜಿನ ಮೇಲಿದ್ದ ಮರದ ಸ್ಕೇಲು ತೆಗೆದುಕೊಂಡು ಹೋಗಿ ಪುಟ್ಟಲಕ್ಷ್ಮಿಯ ಕೈಗಿಟ್ಟೆ. ಅಜ್ಜಿಯ ಕೈಯ ಕಡೆ ನೋಡಿದೆ ಅಷ್ಟೆ. ಅವಳೂ ನೋಡಿದಳು. ಕುರಿಮಂದೆಯಲ್ಲಿ ಯಾವುದು ಇಲ್ಲ ಎಂದು ಎಣಿಸದೆಯೇ ಹೇಳುವ ಅಪ್ಪನ ಮಗಳು, ಬಿಡಿಸಿ ಹೇಳಬೇಕಾಗಲಿಲ್ಲ.

ಆದರೆ ಸ್ಕೇಲು ಹತ್ತಿರ ತಂದ ಕೂಡಲೇ ಅಜ್ಜಿ ಶಂಕುವನ್ನು ಎದೆಗೆ ಒತ್ತಿಕೊಂಡರು. "ನನ್ ಕೈಲಿ ತಲೆ ಹೊಡ್ಸಬ್ಯಾಡ ತಲ್ಲೀ. ಇಷ್ಟ್ ವರ್ಷ ಅಂಗೆ ಅಳ್ದಿಲ್ಲ."

ಗೋಪುರ ಸವರಿ ಅಳೆಯುವುದನ್ನು ಆ ಊರಲ್ಲಿ ತಲೆ ಹೊಡೆಯುವುದು ಅನ್ನುತ್ತಾರೆ. ಕಣದಲ್ಲಿ ಹಾಗೆ ಅಳೆದರೆ ಲಕ್ಷ್ಮಿಯ ಮುಂದೆ ಕೈ ಬಿಗಿ ಹಿಡಿದ ಹಾಗೆ. ಹೆಂಗಸರೆಲ್ಲ ಅಜ್ಜಿಯ ಪರವಾಗಿ ತಲೆ ಆಡಿಸಿದರು. ನಾನು ಮನೆಯಲ್ಲಿ ದಿನಾ ಅಕ್ಕಿಯ ಸೇರಿನ ಮೇಲೆ ಅಂಗೈ ಎಳೆಯುವವಳು. ಅದು ಇವರ ಕಣ್ಣಿಗೆ ಹೇಗೆ ಕಾಣಬಹುದೆಂದು ಯೋಚಿಸಿ ಅಂಗೈಯನ್ನು ಸೆರಗಿನಡಿ ಬಚ್ಚಿಟ್ಟೆ.

ಪುಟ್ಟಲಕ್ಷ್ಮಿ ನೆಲದ ಮೇಲೆ ಅಜ್ಜಿಯ ಎದುರಿಗೇ ಕೂತಳು. "ತಲೆ ನಿನ್ ಮಡ್ಲಿಗೇ ಹಾಕ್ತೀನಿ ಅಜ್ಜಿ, ಎಲ್ಲೂ ಹೋಗಾಕಿಲ್ಲ. ಪಾಠ ಆದ್ಮೇಲೆ ನೀನೇ ನೋಡೀವಂತೆ."

ಅಜ್ಜಿ ಶಂಕುವನ್ನು ಎದೆಯಿಂದ ಇಳಿಸಿ ಸೆರಗು ಹರಡಿದರು.

ಡಬ್ಬ ಖಾಲಿ ಮಾಡಿದರು. ಅಜ್ಜಿ ಬಾಚಿದರು, ಪುಟ್ಟಲಕ್ಷ್ಮಿ ಸ್ಕೇಲು ಎಳೆದಳು, ಗೋಪುರ ಮಡಿಲಿಗೆ ಬಿತ್ತು. "ಲಾಭ." ಡಬ್ಬದ ತಳ ಮುಚ್ಚಿತು. ಮತ್ತೆ. "ಎರಡು." ಮುಂದಿನ ಸಾಲಿನ ಮಕ್ಕಳು ಮೊಣಕಾಲ ಮೇಲೆ ಎದ್ದಿದ್ದರು. "ಮೂರು." ರಾಗಿ ಡಬ್ಬದ ಅಂಚಿಗೆ ಬಂದು ನಿಂತಿತು.

ಅಲ್ಲಿಗೆ ಮುಗಿಸಬಹುದಿತ್ತು. ಅವಳು ಡಬ್ಬವನ್ನು ಮತ್ತೆ ಖಾಲಿ ಮಾಡಿ, ಅಜ್ಜಿಯ ಮಡಿಲಿನ ಮೂರು ತಲೆಗಳನ್ನು ಅದಕ್ಕೆ ಸುರಿಸಿದಳು. ಹೆಚ್ಚು ಕಡಿಮೆ ಡಬ್ಬದ ಅರ್ಧಕ್ಕೆ ಬಂತು. ಹೆಂಗಸರೆಲ್ಲ ಬಗ್ಗಿ ನೋಡಿದರು. ಒಬ್ಬಾಕೆ ಗಲ್ಲದ ಮೇಲೆ ಕೈ ಇಟ್ಟುಕೊಂಡು, ಅಯ್ಯೋ ಓಬಜ್ಜೀ, ಇಷ್ಟೊಂದು ಬರೇ ತಲೇನಾ, ಇಷ್ಟ್ ವರ್ಷ ಎಲ್ಲೋಯ್ತು ಇದು, ಎಂದು ಕೆಣಕಿದಳು.

"ಎಲ್ಲೋಯ್ತದೆ? ನಿಮ್ ಹೊಟ್ಟೆಗೇ ಹೋಯ್ತು" ಎಂದರು ಅಜ್ಜಿ.

ಪುಟ್ಟಲಕ್ಷ್ಮಿ ಬೋರ್ಡಿನ ೨ ಅಳಿಸಲಿಲ್ಲ. ಅದರ ಮುಂದೆ 'ತಲೆ ಸೇರಿಸಿ' ಎಂದು ಬರೆದಳು. ಕೆಳಗೆ ೩, ಅದರ ಮುಂದೆ 'ತಲೆ ಬಿಟ್ಟು'. ಪುಸ್ತಕ ಅಳೆಯುವುದು ಹೀಗೆ, ಅಜ್ಜಿ ಅಳೆಯುವುದು ಹಾಗೆ ಎಂದು ಮಕ್ಕಳಿಗೆ ಹೇಳಿದಳು. ಯಾವುದು ಸರಿ ಎಂದು ಒಂದು ಹುಡುಗಿ ಕೇಳಿದಳು. ಪರೀಕ್ಷೆಯಲ್ಲಿ ಕೇಳಿದರೆ ಮೂರು, ಕಣದಲ್ಲಿ ಕೇಳಿದರೆ ಅಜ್ಜಿಯನ್ನು ಕೇಳು ಎಂದಳು.

ಆಮೇಲೆ ನಮ್ಮವರು ನನ್ನ ಪಕ್ಕ ಬಂದು ನಿಂತು ಮೆಲ್ಲಗೆ ಹೇಳಿದರು: ಪ್ರತಿ ಸಲ ಸುರಿಯುವ ಮೊದಲು ನಾನು ಬೆರಳಲ್ಲಿ ಸವರುತ್ತೇನೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಎಲ್ಲರಿಗೂ ತೋರಿಸಿದವರು, ತಮ್ಮ ಬೆರಳನ್ನು ತಾವೇ ನೋಡಿರಲಿಲ್ಲ.

ಮಕ್ಕಳು ಎದ್ದು ಹೋದರು. ಇನ್ಸ್‌ಪೆಕ್ಟರು ನೀಲಿ ಪೆನ್ನಿನಲ್ಲಿ ಏನೋ ಬರೆಯುತ್ತಿದ್ದರು. ಕೆಂಪು ಪೆನ್ನು ಮೇಜಿನ ಮೇಲೆ ಹಾಗೇ ಇತ್ತು. ಪುಟ್ಟಲಕ್ಷ್ಮಿ ಅವರೆದುರು ನಿಂತು, ಕೇಳುವ ಮೊದಲೇ, ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ಪುಸ್ತಕದ ಪಕ್ಕದಲ್ಲಿಟ್ಟಳು. ಅವರು ಬರೆಯುವುದನ್ನು ಮುಗಿಸಿದರು, ಪುಸ್ತಕ ಮುಚ್ಚಿದರು, ಕನ್ನಡಕ ಒರೆಸಿದರು. ಅಷ್ಟು ನಿಧಾನವಾಗಿ ಕನ್ನಡಕ ಒರೆಸುವವರನ್ನು ನಾನು ಕಂಡಿಲ್ಲ.

"ಇದನ್ಯಾಕೆ ನನಗೆ ಕೊಡ್ತೀರಿ," ಎಂದರು. "ಜೂನ್‌ನಲ್ಲಿ ಬೀಗ ತೆಗೆಯೋರು ಯಾರು?"

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ನನಗಾಯಿತು. ನಾನೇ ಕೀ ತೆಗೆದು ಅವಳ ಸೆರಗಿಗೆ ಕಟ್ಟಿದೆ, ಎರಡು ಗಂಟು ಹಾಕಿ. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ತಲೆ ಬಗ್ಗಿಸಿದ್ದರಿಂದ ಕಾಣಲಿಲ್ಲ.

ಜೀಪು ಹತ್ತುವಾಗ ಓಬಜ್ಜಿ ಮೊರ ಹಿಡಿದುಕೊಂಡು ಬಂದರು. ದೂರದ ಊರಿನವಳು ಬರಿಗೈಯಲ್ಲಿ ಹೋಗಬಾರದಂತೆ. ನಾನು ಬಟ್ಟೆಯ ಚೀಲ ಅಗಲಿಸಿ ಹಿಡಿದೆ. ಪಾಠದ ಶಂಕುವಿನಲ್ಲೇ ಅವರು ರಾಗಿ ಬಾಚಿ ಎತ್ತಿದರು, ಗೋಪುರ ಹೊತ್ತು ಬಂತು. ನನ್ನ ಅಂಗೈ ತಾನಾಗಿ ಅದರ ಮೇಲೆ ಎಳೆಯಲು ಹೋಯಿತು. ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಒರಟು ಕೈ, ಬಿಗಿಯಾದ ಹಿಡಿತ.

"ಅದು ಪಾಠಕ್ಕೆ ಕಣವ್ವ," ಎಂದರು. "ಇದು ನಿನ್ ಮನೇಗೆ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. "ಲಾಭ" ಎಂದು ಅಜ್ಜಿ ಸುರಿದರು, ತಲೆಯ ಸಮೇತ.